ಗೊತ್ತಿದ್ದ ನೀರಿನ ಬಕೆಟ್

ಮೂವತ್ತೊಂದು ವರ್ಷ ನಾನು ಚಿನ್ನದ ಗಣಿಯಲ್ಲಿ ನೆರಳಿಗೆ ನಿಂತೆ. ಗಣಿ ಎಂದರೆ ನೆಲದಡಿಗೆ ಇಳಿದವಳಲ್ಲ. ಗಿರಣಿಯ ನೀರು ಹರಿದು ಬಂದು ನಿಲ್ಲುವ ಕೊನೆಯ ಕೊಳದ ದಂಡೆಯ ಮೇಲೆ, ತಾಳೆಗರಿಯ ದೊಡ್ಡ ಕೊಡೆ ಬಿಚ್ಚಿ, ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನಿಧಾನಕ್ಕೆ ನಡೆಯುವುದು, ಐದು ಕಡೆ ನಿಲ್ಲುವುದು, ಅಷ್ಟೇ ನನ್ನ ಕೆಲಸ. ಓದಿದ್ದು ಎರಡನೇ ತರಗತಿ. ಅಂಕಿ ಗೊತ್ತು, ಚುಕ್ಕಿ ಇಟ್ಟ ಅಂಕಿಯನ್ನು ಗಣಿಯಲ್ಲೇ ಕಲಿತೆ. ರುಜು ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತೇನೆ.

ನಮ್ಮೂರಿನಲ್ಲಿ ನೆರಳು ಒಂದು ದಿನ ತಡವಾಗಿ ಬೀಳುತ್ತದೆ. ಇವತ್ತು ನಾನು ಎಲ್ಲಿ ನಿಂತೆನೋ ನಾಳೆ ಅದೇ ಹೊತ್ತಿಗೆ ಅಲ್ಲಿ ನನ್ನ ನೆರಳು ಬೀಳುತ್ತದೆ, ನಾನು ಇರಲಿ ಬಿಡಲಿ. ಹಾಗಾಗಿ ಮದುವೆಗೆ ಚಪ್ಪರ ಹಾಕುವವರು ಹಿಂದಿನ ದಿನ ಬೆಳಗಾಗುವ ಮೊದಲೇ ಹಾಕಿ ಮುಗಿಸುತ್ತಾರೆ. ಸೊಪ್ಪು ಮಾರುವವರು ನಾಳೆ ಕೂರುವ ಜಾಗದಲ್ಲಿ ಇವತ್ತೇ ಗೋಣಿ ಕಟ್ಟಿ ಹೋಗುತ್ತಾರೆ. ಹುಣಸೆಮರದ ಬುಡದಲ್ಲಿ ಇಬ್ಬರು ಗುಟ್ಟಾಗಿ ನಿಂತರೆ ಮಾರನೆಯ ದಿನ ಊರಿಗೆಲ್ಲ ಗೊತ್ತು. ಯಾರಾದರೂ ತೀರಿಕೊಂಡರೆ ಅವರ ನೆರಳು ಮರುದಿನ ಒಂದು ಸಲ ಬಂದು ಜಗಲಿಯ ಮೇಲೆ ಕೂತು ಹೋಗುತ್ತದೆ. ಅಲ್ಲಿಯವರೆಗೆ ಮನೆಯವರು ಆ ಜಾಗ ಗುಡಿಸುವುದಿಲ್ಲ. ಇದನ್ನೆಲ್ಲ ನಾವು ವಿಶೇಷ ಅಂದುಕೊಂಡವರಲ್ಲ.

ಕಷ್ಟ ಬರುವುದು ಮೋಡದ ಮಾರನೆಯ ದಿನ. ನಿನ್ನೆ ಮೋಡ ಮುಚ್ಚಿ ನೆರಳೇ ಹುಟ್ಟದಿದ್ದರೆ, ಇವತ್ತು ಎಂಥ ಬಿಸಿಲಿದ್ದರೂ ಮರದ ಬುಡದಲ್ಲೂ ನೆರಳಿಲ್ಲ. ಅದನ್ನು ಬೋಳು ದಿನ ಎನ್ನುತ್ತೇವೆ. ಬೋಳು ದಿನದ ಬಿಸಿಲು ಬೇರೆ ಬಿಸಿಲಿನ ಹಾಗಲ್ಲ, ಚರ್ಮಕ್ಕೆ ಹಲ್ಲು ಹಾಕುತ್ತದೆ. ಜನ ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ. ಕೋಣೆಯೊಳಗಿನದು ಕತ್ತಲೆ, ಅದು ನೆರಳಲ್ಲ, ಅದಕ್ಕೆ ತಡ ಇಲ್ಲ. ಬೋಳು ದಿನ ಹೊರಗೆ ಹೋಗಲೇಬೇಕಾದವರು ಒಂದು ಮಾತನ್ನು ಮಾತ್ರ ಆಡುವುದಿಲ್ಲ: ನೆರಳು ಎನ್ನುವ ಮಾತು. ಆ ದಿನ ಅದರ ಹೆಸರೆತ್ತಿದರೆ ಮನೆಯ ಹಿರಿಯರಿಗೆ ಕೇಡು ಎಂದು ನಮ್ಮಮ್ಮ, ಅವರಮ್ಮ ಎಲ್ಲರೂ ನಂಬಿದ್ದರು.

ಇನ್ನು ನೀರಿನ ವಿಷಯ. ಕಲ್ಲಿನ ಪುಡಿಯಿಂದ ಚಿನ್ನ ಬಿಡಿಸಲು ಗಿರಣಿಯವರು ಸಯನೈಡ್ ಹಾಕುತ್ತಾರೆ. ಕೆಲಸ ಮುಗಿದ ನೀರು ಕೊಳದಿಂದ ಕೊಳಕ್ಕೆ ಇಳಿದು ಕೊನೆಯ ಕೊಳಕ್ಕೆ ಬರುತ್ತದೆ. ಅದರ ತೂಬು ತೆಗೆದರೆ ಹಳ್ಳ, ಹಳ್ಳದ ಕೊನೆಗೆ ಊರ ಕೆರೆ. ನೀರಿನಲ್ಲಿ ವಿಷ ಸೊನ್ನೆ ಚುಕ್ಕಿ ಎರಡಕ್ಕಿಂತ ಕಡಿಮೆ ಇದೆ ಎಂದು ಒಂದು ದಿನ ಬಿಟ್ಟು ಒಂದು ದಿನದಂತೆ ಮೂರು ಸಲ ಬಂದರೆ ಮಾತ್ರ ತೂಬು ತೆಗೆಯಬಹುದು. ಆ ನೀರು ಹಿಡಿಯುತ್ತಿದ್ದವಳು ಮಾರಕ್ಕ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಐದು ಕಡೆಯ ನೀರನ್ನು ಒಂದೇ ಬಿಳಿ ಬಕೆಟ್ಟಿಗೆ ತುಂಬಿ, ಕಲಸಿ, ಕೊನೆಗೆ ಕಂದು ಬಾಟಲಿಗಳಿಗೆ ಸುರಿದು, ವಿಷ ಆವಿಯಾಗಿ ಹಾರದಿರಲೆಂದು ಕಾಸ್ಟಿಕ್ ಬಿಲ್ಲೆ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಒಯ್ಯಬೇಕು. ಇದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆ ಬಕೆಟ್ಟಿಗೆ ಬಿಸಿಲು ತಾಗಬಾರದು. ಬಿಸಿಲು ಆ ವಿಷವನ್ನು ತಿಂದುಬಿಡುತ್ತದೆ, ಆಮೇಲೆ ಇದ್ದದ್ದು ಇಲ್ಲ ಅಂತ ಬರುತ್ತದೆ. ಕೊಳದ ಅಂಚು ದಿನಕ್ಕೊಂದು ಕಡೆ ಸರಿಯುವುದರಿಂದ ಚಪ್ಪರ ಹಾಕಿ ಪ್ರಯೋಜನವಿಲ್ಲ. ಅದಕ್ಕೇ ಹಿಂದಿನ ದಿನ ನಾನು ಕೊಡೆ ಹಿಡಿದು ನಡೆಯುತ್ತಿದ್ದೆ. ಮರುದಿನ ಮಾರಕ್ಕ ಬಕೆಟ್ ಹಿಡಿದು ನನ್ನ ನಿನ್ನೆಯ ಕೊಡೆಯ ನೆರಳಿನ ಜತೆ ಜತೆಗೇ ನಡೆಯುತ್ತಿದ್ದಳು.

ಆ ವರ್ಷ ಶ್ರಾವಣದಲ್ಲಿ ಮಳೆ ಒಂದು ಚಾಳಿ ಹಿಡಿಯಿತು. ಒಂದು ದಿನ ಮೋಡ ಮುಚ್ಚಿ ಹನಿಯುವುದು, ಮರುದಿನ ಬಿಸಿಲು, ಮತ್ತೆ ಮೋಡ. ಹನಿ ಮಳೆಗೆ ಕೆರೆ ತುಂಬಲಿಲ್ಲ. ಗಣಿಯ ಕೊನೆಯ ಕೊಳ ಮಾತ್ರ ಗಿರಣಿಯ ನೀರಿನಿಂದ ಅಂಚಿನವರೆಗೆ ಬಂದು, ಏರಿಯ ಹೊರಮೈ ಬೆವರತೊಡಗಿತ್ತು. ಕೆರೆಯಲ್ಲಿ ಮಾರಕ್ಕನ ಗಂಡ ದುರ್ಗಪ್ಪ ಮತ್ತು ಅವನ ಸಂಘದ ನಲವತ್ತು ಮನೆಯವರು ಅರವತ್ತು ಸಾವಿರ ಮೀನಿನ ಮರಿ ಬಿಟ್ಟಿದ್ದರು. ಮೊಣಕಾಲು ನೀರಿನಲ್ಲಿ ಮರಿಗಳು ಒದ್ದಾಡುತ್ತಿದ್ದವು. ಹಾಗಾಗಿ ಮೇಲಿನ ಗಣಿಗೂ ತೂಬು ತೆಗೆಯಬೇಕಿತ್ತು, ಕೆಳಗಿನ ಊರಿಗೂ ತೂಬು ತೆಗೆಯಬೇಕಿತ್ತು.

ಸೋಮವಾರ, ಬುಧವಾರ, ಶುಕ್ರವಾರ ನೀರು ಹಿಡಿಯುವುದು ಎಂದಾಯಿತು. ಭಾನುವಾರ, ಮಂಗಳವಾರ, ಗುರುವಾರ ನಾನು ಹನಿ ಮಳೆಯಲ್ಲೇ ಕೊಡೆ ಹಿಡಿದು ದಂಡೆ ನಡೆದೆ. ಪ್ರತಿ ಸಲ ಗಣಿಯವರು ಫಾರಂ ತಂದರು. ಅದರಲ್ಲಿ ಒಂದು ಸಾಲು: ‘ನೆರಳಿಗೆ ನಿಂತಿದ್ದಾರೆಯೇ?’ ಹೌದು ಎಂದು ಬರೆದು ಎದುರಿಗೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು. ನಿಂತಿದ್ದೆನಲ್ಲ, ಒತ್ತಿದೆ. ನೀರು ಹಿಡಿಯುವ ದಿನ ನನಗೆ ರಜೆ, ಮನೆಯಲ್ಲಿರುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಮಾರಕ್ಕ ನೀರು ಒಪ್ಪಿಸಿ ನೇರ ನಮ್ಮ ಮನೆಗೆ ಬಂದಳು. ಕೈಯಲ್ಲಿ ಬೆಲ್ಲದ ಅಚ್ಚು. “ಬಾಯಿ ತೆಗಿ ಅಕ್ಕಯ್ಯ, ಮೊದ್ಲು ಬಾಯಿ ತೆಗಿ. ಎರಡಿದ್ದಿದ್ದು ಸೊನ್ನೆ ಚುಕ್ಕಿ ಒಂದಕ್ಕಿಳಿದೈತೆ! ಸೋಮವಾರದ್ದೂ ಅಷ್ಟೇ, ಬುಧವಾರದ್ದೂ ಅಷ್ಟೇ. ಇವತ್ತಿಂದು ಬಂದ್ರೆ ಭಾನುವಾರ ತೂಬು ತೆಗೀತಾರಂತೆ. ನಮ್ಮೆಜಮಾನ್ರು ಕುಣೀತಾವ್ರೆ.”

ಬೆಲ್ಲ ಚೀಪುತ್ತಲೇ ಲೆಕ್ಕ ಹಾಕಿದೆ. ಮೂವತ್ತೊಂದು ವರ್ಷದಲ್ಲಿ ಆ ಕೊಳ ಇಳಿದದ್ದೆಲ್ಲ ನನಗೆ ನೆನಪಿದೆ. ಎರಡರಿಂದ ಒಂದೂವರೆಗೆ ಬರಲು ಹದಿನೈದು ದಿನ, ಒಂದಕ್ಕೆ ಬರಲು ಇನ್ನೊಂದು ತಿಂಗಳು. ಒಂದೇ ವಾರದಲ್ಲಿ ಹೀಗೆ ಬಿದ್ದದ್ದಿಲ್ಲ. ಅವಳು ಬೆಲ್ಲದ ಕಾಗದ ಮಡಚುವಾಗ ಕೈ ನೋಡಿದೆ. ಮೊಣಕೈಯಿಂದ ಬೆರಳಿನವರೆಗೆ ಕೆಂಪಗೆ ಸುಟ್ಟು ಗುಳ್ಳೆ ಎದ್ದಿತ್ತು. ಕತ್ತಿನ ಹಿಂಭಾಗವೂ ಹಾಗೇ.

“ಮಾರಿ, ಇದೇನೇ?”

“ಬಿಸಿಲು ಕಣಕ್ಕಯ್ಯ.”

“ನೀರು ಹಿಡಿಯೋ ಹೊತ್ನಲ್ಲಾ?”

ಅವಳು ಅಂಗಳ ನೋಡಿದಳು. ನಾನೂ ನೋಡಿದೆ. ನುಗ್ಗೆಮರ ನಿಂತಿತ್ತು, ಬುಡದಲ್ಲಿ ಬರೀ ಬಿಸಿಲು. ಬೋಳು ದಿನ. ಸೋಮವಾರವೂ ಬುಧವಾರವೂ ನಾನು ಬಾಗಿಲು ಹಾಕಿಕೊಂಡೇ ಕೂತಿದ್ದೆ. ನಾನು ಒಳಗೆ ಕೂತ ಆ ಹೊತ್ತಿನಲ್ಲೇ ಬಿಳಿ ಬಕೆಟ್ ದಂಡೆಯ ಮೇಲೆ ಬಯಲಿನಲ್ಲಿತ್ತು. ಮೋಡದಲ್ಲಿ ಹಿಡಿದ ನನ್ನ ಕೊಡೆಯಿಂದ ಏನು ಹುಟ್ಟೀತು?

“ನೆರಳಿರ್ಲಿಲ್ವಾ?” ಎಂದು ಕೇಳಿಯೇಬಿಟ್ಟೆ.

ಮಾರಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಅಯ್ಯೋ, ಇವತ್ತು ಆ ಮಾತಾಡಬಾರ್ದು ಅಕ್ಕಯ್ಯ!”

“ಇವತ್ತು ಮನೇಲಿ ಹಿರಿಯಳು ಅಂದ್ರೆ ನಾನೊಬ್ಳೇ. ಕೇಡು ಬಂದ್ರೆ ನಂಗೇ ಬರ್ಲಿ. ಹೇಳು.”

ಅವಳು ಅಳುತ್ತಾ ಹೇಳಿದಳು. ಮೂರು ದಿನವೂ ಇರಲಿಲ್ಲ. ಸೆರಗು ಅಡ್ಡ ಹಿಡಿದಳಂತೆ, ಅದರದ್ದು ಬೀಳುವುದು ಮಾರನೆಯ ದಿನ ಎಂದು ಗೊತ್ತಿದ್ದೂ. ಹೇಳೋಣವೆಂದರೆ ಬಾಯಿ ಬರಲಿಲ್ಲ. ಫಾರಂ ತೆರೆದರೆ ಹೌದು ಎಂದಿತ್ತು, ನನ್ನ ಹೆಬ್ಬೆಟ್ಟು ಇತ್ತು. ಅಕ್ಕಯ್ಯ ಒತ್ತಿದ ಮೇಲೆ ಸರಿಯೇ ಇರಬೇಕು ಎಂದುಕೊಂಡಳಂತೆ. ತಪ್ಪು ಅವಳೊಬ್ಬಳದಲ್ಲ. ನನ್ನದೂ ಅಷ್ಟೇ ಇತ್ತು.

ಅವತ್ತೇ ಸಂಜೆ ಇಬ್ಬರೂ ಲ್ಯಾಬಿಗೆ ಹೋದೆವು. ಲ್ಯಾಬಿನ ಶರ್ಫುದ್ದೀನ್ ಸಾಹೇಬರು ಬಹಳ ಅಚ್ಚುಕಟ್ಟಿನ ಮನುಷ್ಯ. ತಾನು ತೊಳೆದ ಗ್ಲಾಸನ್ನು ಇನ್ನೊಮ್ಮೆ ತಾನೇ ತೊಳೆಯುವವರು. ನನ್ನ ಮಾತನ್ನು ನಿಂತೇ ಕೇಳಿದರು, ಆಮೇಲೆ ದಫ್ತರ ತೆಗೆದರು.

“ಓಬಳಮ್ಮ, ನಾನು ಕಣ್ಣು ಮುಚ್ಚಿಕೊಂಡು ಅಂಕಿ ಬರೆಯೋನಲ್ಲ. ನೋಡಿ, ಪ್ರತಿ ಸಲ ಒಂದು ಬಾಟಲಿ ಬರೀ ಶುದ್ಧ ನೀರು ಕಳಿಸ್ತೀನಿ. ಅದು ಕೊಳಕ್ಕೆ ಹೋಗಿ ವಾಪಸ್ ಬಂದು ಸೊನ್ನೆ ತೋರಿಸಬೇಕು. ತೋರಿಸಿದೆ. ಕೊಳದ ನೀರು ಅವಳಿ ಬಾಟಲಿಲಿ ಬರುತ್ತೆ, ಎರಡರ ಅಂಕಿನೂ ಒಂದೇ ಇರಬೇಕು. ಇದೆ. ಇನ್ನೇನು ಬೇಕು?”

ನನ್ನ ತಲೆ ನಿಧಾನ, ಆದರೆ ಹಿಡಿದದ್ದನ್ನು ಬಿಡುವುದಿಲ್ಲ.

“ಸಾಹೇಬ್ರೇ, ಆ ಅವಳಿ ಬಾಟ್ಲಿ ಎರಡೂ ಒಂದೇ ಬಕೆಟ್ನಿಂದ ತುಂಬಿದ್ದಲ್ವಾ? ಬಿಸಿಲು ಬಕೆಟ್ನಲ್ಲೇ ತಿಂದು ಮುಗ್ಸಿದ್ರೆ ಎರಡೂ ಬಡಕಲಾಗೇ ಬರ್ತಾವೆ. ಎರಡೂ ಒಂದೇ ತರ ಬಡಕಲು. ಇನ್ನು ಬರೀ ನೀರಲ್ಲಿ ತಿನ್ನಾಕೆ ಏನೈತೆ? ಸೊನ್ನೆ ಸೊನ್ನೇನೇ.”

ಸಾಹೇಬರು ದಫ್ತರದ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ. ಕನ್ನಡಕ ಮಾತ್ರ ತೆಗೆದರು.

“ನೀವೊಂದು ಬಕೆಟ್ ಮಾಡಿ ಕೊಡಿ,” ಎಂದೆ. “ಅದ್ರಲ್ಲಿ ಎಷ್ಟು ಹಾಕಿದೀರಿ ಅಂತ ನಿಮ್ಗೆ ಗೊತ್ತಿರ್ಬೇಕು. ಅದೂ ನಮ್ಜತೆ ಕೊಳದ ಸುತ್ತ ಒಂದು ಗಂಟೆ ತಿರುಗಿ ಬರ್ಲಿ. ಎರಡು ಹೋಗಿದ್ದು ಎರಡೇ ಬಂದ್ರೆ ನಾನು ಸುಳ್ಳಿ. ಕಮ್ಮಿ ಬಂದ್ರೆ ಈ ವಾರದ ಅಂಕಿ ಸುಳ್ಳು.”

ಹಿಂದಿನಿಂದ ಯಾರೋ ನಕ್ಕರು. ಗಣಿ ಮ್ಯಾನೇಜರು ಪೊನ್ನಪ್ಪನವರು ಮೂರನೆಯ ಅಂಕಿ ತೆಗೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತಿದ್ದರು. ಅದೂ ಸೊನ್ನೆ ಚುಕ್ಕಿ ಒಂದೇ ಬಂದಿತ್ತು.

“ಏನಜ್ಜಿ, ರಿಟೈರ್ ಆಗೋ ವಯಸ್ಸಲ್ಲಿ ಲ್ಯಾಬ್ ಕೆಲಸ ಬೇಕಾ? ಈ ಹೆಬ್ಬೆಟ್ಟು ಯಾರದ್ದು?” ಫಾರಂ ನನ್ನ ಮುಖದ ಹತ್ತಿರ ಹಿಡಿದರು.

“ನಂದೇ ಸಾಮಿ.”

“ನಿಂತಿದ್ದೆ ಅಂತ ಒತ್ತಿದೀಯ. ಈಗ ಇಲ್ಲ ಅಂತೀಯಾ?”

“ನಿಂತಿದ್ದು ನಿಜ. ನಿಂತಿದೀಯಾ ಅಂತ ಕೇಳಿದ್ರಿ, ಒತ್ತಿದೆ. ನೆರಳು ಬಂತಾ ಅಂತ ಯಾರೂ ಕೇಳ್ಲಿಲ್ಲ.”

ಬೋಳು ದಿನ ಆ ಮಾತು ಕೇಳಿ ಲ್ಯಾಬಿನ ಜವಾನ ಗೋಡೆ ಕಡೆ ತಿರುಗಿ ನಿಂತುಬಿಟ್ಟ. ಪೊನ್ನಪ್ಪನವರೂ ನಮ್ಮೂರವರೇ, ಅವರ ಮುಖವೂ ಒಂದು ಗಳಿಗೆ ಬಿಳಿಚಿತು. ಆಮೇಲೆ ಅವರು ಕೂಗಿ ಹೇಳಿದ್ದು ಸುಳ್ಳಾಗಿರಲಿಲ್ಲ. ಏರಿ ಬೆವರುತ್ತಿದೆ, ಇನ್ನೊಂದು ಮೊಳ ನೀರು ಬಂದರೆ ಒಡೆದುಹೋಗುತ್ತದೆ, ಒಡೆದರೆ ತೂಬಿನಲ್ಲಿ ಹೋಗುವ ನೀರು ಊರಿನ ಮೇಲೇ ಹೋಗುತ್ತದೆ. “ಭಾನುವಾರ ಹನ್ನೆರಡಕ್ಕೆ ತೂಬು ತೆಗೀತೀನಿ. ಮೂರು ಅಂಕಿ ನನ್ನ ಕೈಲಿದೆ.”

ಶರ್ಫುದ್ದೀನ್ ಸಾಹೇಬರು ಮೆಲ್ಲಗೆ ಹೇಳಿದರು: “ಅದ್ರ ಕೆಳಗೆ ರುಜು ನಂದು ಬೇಕು ಸರ್. ಭಾನುವಾರ ಹತ್ತಕ್ಕೆ ಈ ಅಮ್ಮ ಹೇಳಿದ ಬಕೆಟ್ ತಿರುಗಿ ಬರ್ಲಿ. ನಾನು ಕುದಿಸಿ ಬಣ್ಣ ನೋಡೋಕೆ ಎರಡು ಗಂಟೆ. ಆಮೇಲೆ ಹಾಕ್ತೀನಿ, ಇಲ್ಲಾ ಹಾಕಲ್ಲ.”

ಶನಿವಾರ ಇಡೀ ದಿನ ಮೋಡ ಮುಚ್ಚಿತ್ತು. ದುರ್ಗಪ್ಪ ಮನೆ ಬಾಗಿಲಿಗೆ ಬಂದ, ಒಳಗೆ ಬರಲಿಲ್ಲ.

“ಅಕ್ಕಯ್ಯ, ನಿನ್ಗೆ ನಾನೇನು ಮಾಡಿದ್ದೆ? ಕೆರೆಗೆ ನೀರು ಬರೋದು ತಪ್ಪಿಸ್ತೀಯಂತೆ. ನಲವತ್ತು ಮನೆ ಅನ್ನ ಅದು. ಮೊಣಕಾಲ್ ನೀರಲ್ಲಿ ಬಾಯಿ ಬಾಯಿ ಬಿಡ್ತಾವೆ ಮರಿಗಳು.”

“ಎಷ್ಟಿದ್ರೆ ಮೀನು ಸಾಯ್ತದೆ ಗೊತ್ತಾ ನಿಂಗೆ? ಎರಡು ಬೇಡ, ಅರ್ಧ ಸಾಕು. ನಾಳೆ ಅಂಕಿ ನಿಜ ಅಂತಾದ್ರೆ ನಾನೇ ಬಂದು ಕೆರೆ ಏರಿ ಮೇಲೆ ಎಲ್ಲರೆದುರಿಗೆ ತಪ್ಪಾಯ್ತು ಅಂತೀನಿ. ಸುಳ್ಳು ಅಂತಾದ್ರೆ?”

ಅವನು ಬಾಗಿಲು ಬಿಟ್ಟು ಅಂಗಳಕ್ಕಿಳಿದ. “ಪರೀಕ್ಷೆ ಮಾಡೇ ನೋಡು ಹಂಗಾದ್ರೆ,” ಎಂದು ಹೊರಟುಹೋದ.

ಭಾನುವಾರ ಬೋಳು ದಿನವೇ ಆಯಿತು. ಸಾಹೇಬರು ಶುದ್ಧ ನೀರಿಗೆ ವಿಷವನ್ನು ಅಳೆದು ಎರಡು ಬಕೆಟ್ ಮಾಡಿಟ್ಟಿದ್ದರು; ಎರಡರಲ್ಲೂ ಎರಡು ಎಂಬ ಅಂಕಿ. ಒಂದನ್ನು ನಾವು ಯಾವಾಗಲೂ ಒಯ್ಯುವ ಹಾಗೆ ತೆರೆದೇ ಒಯ್ದೆವು. ಇನ್ನೊಂದಕ್ಕೆ ಕಪ್ಪು ಮುಚ್ಚಳ ಬಿಗಿದೆವು, ಇಷ್ಟು ವರ್ಷ ಅದು ಯಾರಿಗೂ ಹೊಳೆದಿರಲಿಲ್ಲ. ಮುಚ್ಚಳದೊಳಗಿನದು ಕತ್ತಲೆ, ಅದು ನಾಳೆಗೆ ಕಾಯುವುದಿಲ್ಲ. ಮೂರನೆಯ ಬಕೆಟ್ಟಿಗೆ ಮಾರಕ್ಕ ಐದು ಕಡೆಯಿಂದ ಕೊಳದ ನೀರು ತುಂಬಿ, ಪ್ರತಿ ಸಲ ಸುರಿದ ಕೂಡಲೇ ಮುಚ್ಚಳ ಹಾಕಿದಳು. ಪೊನ್ನಪ್ಪನವರು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ನಮ್ಮ ಜತೆ ಒಂದು ಗಂಟೆಯೂ ನಡೆದರು. ಮೋಸ ಆಗದಿರಲಿ ಅಂತಲೋ, ಇನ್ನೇನೋ. ನಡೆದದ್ದಂತೂ ನಡೆದರು. ಅವರ ಮೂಗಿನ ಚರ್ಮ ಅವತ್ತೇ ಸುಲಿಯಿತು.

ಲ್ಯಾಬಿನಲ್ಲಿ ಕುದಿಸಿ, ಆವಿ ಹಿಡಿದು, ಮೂರು ಗಾಜಿನ ನಳಿಗೆಗೆ ಸಾಹೇಬರು ಬಣ್ಣದ ಮದ್ದು ಬಿಟ್ಟರು. ವಿಷ ಇದ್ದಷ್ಟೂ ನೇರಳೆ ಬಣ್ಣ ಗಾಢವಾಗುತ್ತದೆ. ಅದಕ್ಕೆ ಓದು ಬೇಡ, ಕಣ್ಣು ಸಾಕು. ತೆರೆದ ಬಕೆಟ್ಟಿನ ನಳಿಗೆ ಮಳೆ ನೀರಿನ ಹಾಗೆ ತಿಳಿಯಾಗಿ ನಿಂತಿತು. ಸಾಹೇಬರೇ ಸ್ವತಃ ಅಳೆದು ಹಾಕಿದ ಎರಡು, ಸೊನ್ನೆ ಚುಕ್ಕಿ ಒಂದಾಗಿತ್ತು. ಮುಚ್ಚಳದ ಬಕೆಟ್ಟಿನದು ನೋಡ ನೋಡುತ್ತಾ ನೇರಳೆ ಹಣ್ಣಿನ ರಸದ ಹಾಗಾಯಿತು. ಎರಡು ಹೋದದ್ದು ಎರಡೇ ಬಂದಿತ್ತು. ಆಮೇಲೆ ಕೊಳದ ನೀರು. ಅದೂ ನೇರಳೆ ಆಗುತ್ತಾ ಆಗುತ್ತಾ ಪಕ್ಕದ್ದಕ್ಕಿಂತ ಒಂದು ಕೂದಲು ಗಾಢವಾಗಿ ನಿಂತಿತು.

“ಎರಡು ಚುಕ್ಕಿ ಒಂದು,” ಎಂದರು ಸಾಹೇಬರು. ಫಾರಂ ತೆಗೆದುಕೊಂಡು ಮೂರೂ ದಿನದ ಅಂಕಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಮ್ಮ ರುಜು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, “ಇಷ್ಟು ವರ್ಷ ನಾನು ಬಾಟಲಿ ಪರೀಕ್ಷೆ ಮಾಡ್ತಿದ್ದೆ ಓಬಳಮ್ಮ. ದಾರಿ ಪರೀಕ್ಷೆ ಮಾಡಿರಲಿಲ್ಲ,” ಎಂದರು.

ಬಾಗಿಲ ಹೊರಗೆ ದುರ್ಗಪ್ಪ ನಿಂತಿದ್ದ. ಆ ಎರಡು ನೇರಳೆ ನಳಿಗೆಗಳನ್ನು ನೋಡಿ, ಮೆಟ್ಟಿಲ ಮೇಲೆ ಕೂತು ತಲೆ ಮೇಲೆ ಕೈ ಹೊತ್ತ. “ಹನ್ನೆರಡಕ್ಕೆ ತೆಗ್ದಿದ್ರೆ ಒಂದಕ್ಕೆ ಎಲ್ಲಾ ತೇಲ್ತಿದ್ವು,” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ.

ಪೊನ್ನಪ್ಪನವರು ಸ್ಟೂಲಿನ ಮೇಲೆ ಕುಸಿದಿದ್ದರು. “ಸರಿ ಅಜ್ಜಿ, ನೀನೇ ಗೆದ್ದೆ. ಏರಿಗೆ ನಾನೇನು ಹೇಳ್ಲಿ ಈಗ? ತಡ್ಕೋ ಅಂತಲಾ?”

ನಾನು ತೆರೆದ ಬಕೆಟ್ಟಿನ ನಳಿಗೆಯನ್ನೇ ನೋಡುತ್ತಿದ್ದೆ. “ಸಾಮಿ, ಒಂದು ಬಕೆಟ್ ವಿಷಾನ ಒಂದು ಗಂಟೇಲಿ ತಿಂದೈತೆ ಬಿಸಿಲು. ಕೊಳ ಆಳ, ಅಲ್ಲಿ ಅದಕ್ಕೆ ಮೇಲಿಂದು ಮಾತ್ರ ಸಿಗ್ತದೆ. ತೆಳ್ಳಗೆ ಹರಡಿ ಕೊಟ್ರೆ ಎಲ್ಲಾ ತಿನ್ನಲ್ವಾ?”

ಆಮೇಲೆ ಸಾಹೇಬರೂ ಮ್ಯಾನೇಜರೂ ಒಟ್ಟಿಗೇ ಎದ್ದರು. ಗಿರಣಿಯ ಹಿಂದೆ ಹಳೆಯ ಕಾಲದ ಗಚ್ಚಿನ ಕಟ್ಟೆಗಳಿದ್ದವು, ಹಿಂದೆ ಮರಳು ಒಣಗಿಸುತ್ತಿದ್ದದ್ದು. ಐದೆಕರೆ ಹರವು, ಗೇಣು ಆಳ. ಅವತ್ತು ಸಂಜೆಯೇ ಸುಣ್ಣದ ಚೀಲ ಇಳಿದವು. ದುರ್ಗಪ್ಪ ತನ್ನ ನಲವತ್ತು ಮನೆಯವರನ್ನೂ ಕರೆತಂದ. ಕಟ್ಟೆ ತೊಳೆದು, ಬಿರುಕು ಮುಚ್ಚಿ, ಬಕೆಟ್ಟಿನ ಹಾಗೆ ಬೆಳ್ಳಗೆ ಬಳಿದರು. ಮಂಗಳವಾರ ಪಂಪು ಹಾಕಿ ಕೊಳದ ನೀರನ್ನು ಅದರ ಮೇಲೆ ತೆಳ್ಳಗೆ ಬಿಟ್ಟರು. ವಿಷದ ಆವಿ ತಾಗದಿರಲೆಂದು, ಗಾಳಿ ಬೀಸುವ ದಿಕ್ಕಿಗೆ ಯಾರೂ ಹೋಗದ ಹಾಗೆ ಹಗ್ಗ ಕಟ್ಟಿದರು. ಅರ್ಧ ದಿನದಲ್ಲೇ ಕೊಳ ಒಂದು ಗೇಣು ಇಳಿಯಿತು, ಏರಿಯ ಬೆವರು ನಿಂತಿತು. ಬಿಸಿಲು ವಿಷ ತಿಂದು, ಆರಿ ಉಳಿದ ನೀರನ್ನು ಸಂಜೆಗೆ ಮತ್ತೆ ಕೊಳಕ್ಕೇ ಇಳಿಸುತ್ತಿದ್ದರು.

ಹುಟ್ಟಿದಾಗಿನಿಂದ ಬೋಳು ದಿನ ಬಂದರೆ ಬಾಗಿಲು ಹಾಕಿಕೊಂಡ ಊರು, ಆ ತಿಂಗಳು ಬೋಳು ದಿನಕ್ಕೆ ಕಾದು ಕೂತಿತು. ಸಂಜೆ ಮೋಡ ಕಂಡರೆ ಹೆಂಗಸರು, “ನಾಳೆ ನೆರಳಿಲ್ಲ, ಒಳ್ಳೇದಾಯ್ತು,” ಎಂದು ಬೀದಿಯಲ್ಲೇ ಹೇಳುತ್ತಿದ್ದರು. ಮೊದಮೊದಲು ಬೋಳು ದಿನ ಆ ಮಾತು ಆಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ಅದೂ ಬಿಟ್ಟುಹೋಯಿತು. ಯಾವ ಹಿರಿಯರಿಗೂ ಏನೂ ಆಗಲಿಲ್ಲ. ಫಾರಮ್ಮಿನ ಸಾಲನ್ನೂ ‘ನೀರಿಗೆ ಬಿಸಿಲು ತಾಗಿತೇ?’ ಎಂದು ತಿದ್ದಿದರು. ನೀರು ಹಿಡಿಯುವಾಗಲೆಲ್ಲ ಕೊಳದ ನೀರಿನ ಮುಚ್ಚಳದ ಬಕೆಟ್ಟಿನ ಜತೆ, ಹಾಗೇ ಮುಚ್ಚಳ ಬಿಗಿದ ಗೊತ್ತಿದ್ದ ನೀರಿನ ಬಕೆಟ್ಟೂ ಒಂದು ತಪ್ಪದೆ ಹೋಗಿಬರುತ್ತಿತ್ತು. ಅದು ಎರಡು ಹೋಗಿ ಎರಡು ಬರದ ದಿನ, ಉಳಿದ ಅಂಕಿ ಎಷ್ಟೇ ಚೆನ್ನಾಗಿರಲಿ, ಸಾಹೇಬರು ಅಳಿಸಿಹಾಕುತ್ತಿದ್ದರು. ಎರಡು ಸಲ ಹಾಗೆ ಅಳಿಸಿದರು. ಪೊನ್ನಪ್ಪನವರು ಹಲ್ಲು ಕಚ್ಚಿಕೊಂಡರೇ ಹೊರತು ತುಟಿ ಬಿಚ್ಚಲಿಲ್ಲ.

ಹತ್ತು ಬೋಳು ದಿನ ಕಳೆದ ಮೇಲೆ ಮೂರು ಅಂಕಿ ಬಂದವು. ಸೊನ್ನೆ ಚುಕ್ಕಿ ಸೊನ್ನೆ ಐದು. ಸೊನ್ನೆ ಚುಕ್ಕಿ ಸೊನ್ನೆ ಮೂರು. ಕೊನೆಯದು ಏನೂ ಕಾಣಿಸದಷ್ಟು ಕಡಿಮೆ. ಮೂರೂ ದಿನ ಗೊತ್ತಿದ್ದ ಬಕೆಟ್ ಎರಡು ಹೋಗಿ ಎರಡೇ ಬಂದಿತ್ತು. ಸಾಹೇಬರು ರುಜು ಹಾಕಿ, ಶಾಯಿ ಆರಲೆಂದು ಊದಿದರು.

ತೂಬಿನ ಹತ್ತಿರ ಗಣಿಯವರೂ ಊರಿನವರೂ ಸೇರಿದ್ದರು. ದುರ್ಗಪ್ಪ ಮಾತ್ರ ಅಲ್ಲಿರಲಿಲ್ಲ. ಹಳ್ಳ ಕೆರೆಗೆ ಸೇರುವ ಬಾಯಲ್ಲಿ, ಮೊಣಕಾಲು ನೀರಿನಲ್ಲಿ ಒಬ್ಬನೇ ನಿಂತಿದ್ದ. ತೂಬಿನಿಂದ ನೋಡಿದರೆ ಅವನ ಕೆಂಪು ಪೇಟ ಕಾಣುತ್ತಿತ್ತು. ಪೊನ್ನಪ್ಪನವರು ತೂಬಿನ ಚಕ್ರಕ್ಕೆ ಕೈ ಹಾಕಿದವರು ತೆಗೆದುಬಿಟ್ಟರು.

“ಬಾ ಅಜ್ಜಿ. ನೀನು ತಿರುಗಿಸು.”

“ನನ್ನ ಕೈಲಾಗಲ್ಲ ಸಾಮಿ, ಬಿಗಿ ಐತೆ.”

“ಆಗುತ್ತೆ, ಹಿಡಿ. ಮಾರಕ್ಕ, ನೀನೂ ಹಿಡಿ.”

ನಾನೂ ಮಾರಕ್ಕನೂ ಹಿಡಿದೆವು. ಚಕ್ರ ಮೊದಲು ಕಿರುಗುಟ್ಟಿತು, ಆಮೇಲೆ ಹೊರಳಿತು. ತಳದಿಂದ ನೀರು ಹೊಡೆದುಕೊಂಡು ಹಳ್ಳಕ್ಕೆ ಬಿತ್ತು, ಒಣ ಕಲ್ಲುಗಳನ್ನು ಒಂದೊಂದಾಗಿ ನೆನೆಸುತ್ತಾ ಕೆಳಗೆ ಓಡಿತು. ಅದರ ತಲೆ ತಿರುವು ದಾಟಿ ಕೆರೆಯ ಬಾಯಿ ಮುಟ್ಟುವುದನ್ನು ಎಲ್ಲರೂ ನೋಡಿದೆವು. ದುರ್ಗಪ್ಪ ಬಗ್ಗಿದ. ಬಗ್ಗಿದವನು ಏಳಲಿಲ್ಲ. ಮಾರಕ್ಕನ ಬೆರಳು ಚಕ್ರದ ಮೇಲೆ ನನ್ನ ಬೆರಳನ್ನು ಅಮುಕಿ ಹಿಡಿಯಿತು.

ಆಮೇಲೆ ಅವನು ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವ ಹಾಗೆ ಕೂಗಿದ:

“ಎದುರಿಗೆ ಬರ್ತಾವೆ ಅಕ್ಕಯ್ಯಾ! ಮರಿಗಳು! ನೀರಿಗೆ ಎದುರಾಗಿ ಹತ್ತಿ ಬರ್ತಾವೆ! ಇನ್ನೂ ಬಿಡು, ಇನ್ನೂ ಬಿಡು!”

ಚಕ್ರ ಇನ್ನೂ ಅರ್ಧ ತಿರುಗುವುದಿತ್ತು. ತಿರುಗಿಸಿದೆವು.